ಒಂಬತ್ತನೇ ಕಟ್ಟು

ಹೋದ ಶನಿವಾರ ಹೊಸ ಅಂಗಿಯೊಂದನ್ನು ಅದರ ಪ್ಲಾಸ್ಟಿಕ್ಕು, ರಟ್ಟು, ಗುಂಡುಸೂಜಿಗಳಿಂದ ಬಿಡಿಸುತ್ತಾ ಕೂತಿದ್ದೆ. ಒಂದು ಅಂಗಿಗೆ ಇಷ್ಟೊಂದು ಗುಂಡುಸೂಜಿ ಯಾಕೆ ಚುಚ್ಚುತ್ತಾರೋ, ಅದು ಎಲ್ಲಿಗೆ ಓಡಿಹೋಗುತ್ತದೆಂದು ಕಂಪನಿಯವರಿಗೆ ಭಯವೋ, ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ಕೊನೆಯ ಸೂಜಿ ಕಿತ್ತು ಕೊಡವಿದಾಗ ಕಾಲರಿನ ಒಳಬದಿಯಲ್ಲಿ ಅಲಸಂದೆ ಕಾಳಿನಷ್ಟು ಪುಟ್ಟ ಕೆಂಪು ಸ್ಟಿಕ್ಕರೊಂದು ಕಂಡಿತು. ಬಾಣದ ಆಕಾರದ್ದು. ಅದರ ಮೊನೆ ಸಡಿಲವಾದ ಒಂದು ನೂಲಿನ ಕಡೆ ತಿರುಗಿತ್ತು.

'ಡಿಫೆಕ್ಟ್ ಪೀಸ್ ಕೊಟ್ಟಿದಾನೆ ಕಣ್ರೀ, ವಾಪಸ್ ಕೊಟ್ಬನ್ನಿ' ಎಂದಳು ನನ್ನಾಕೆ. ನಾನು ಕೊಡಲಿಲ್ಲ. ಆ ಬಾಣ ನೋಡಿದ್ದೇ ತಡ ನನಗೆ ಮಂಜವ್ವ ನೆನಪಾದಳು, ಅವಳ ಹಿಂದೆಯೇ ನಾನು ಮೂರು ವರ್ಷದಿಂದ ಮಾಡದೇ ಬಿಟ್ಟ ಒಂದು ಕೆಲಸವೂ ನೆನಪಾಯಿತು. ಅಂಗಿಯನ್ನು ಮಡಿಲಲ್ಲಿ ಹಾಕಿಕೊಂಡು ಹಾಗೇ ಕೂತೆ.

ಮಂಜವ್ವ ಪೀಣ್ಯದ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಚೆಕ್ಕರ್. ಹೊಲಿದು ಬಂದ ಅಂಗಿಗಳನ್ನು ತಿರುವಿ ತಿರುವಿ ನೋಡಿ, ತಪ್ಪಿದ್ದ ಜಾಗಕ್ಕೆ ಬಾಣ ಅಂಟಿಸುವುದು ಅವಳ ಕೆಲಸ. ಸಿಂದಗಿ ಕಡೆಯವಳು, ನಲವತ್ತರ ಆಸುಪಾಸು. ರಾಜಗೋಪಾಲನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿಂದಿನ ಬೀದಿಯಲ್ಲೇ ಅವಳ ಒಂದು ಕೋಣೆಯ ಮನೆ. ಆ ಕೋಣೆಯ ಅರ್ಧ ಭಾಗದಲ್ಲಿ ಸಂಸಾರ, ಇನ್ನರ್ಧದಲ್ಲಿ ಪುಸ್ತಕ. ಭಾನುವಾರ ಬೆಳಿಗ್ಗೆ ಅವಳ ಜೊತೆ ಕೆಲಸ ಮಾಡುವ ಹೆಂಗಸರು ಬಂದು ಓದಲು ಒಯ್ಯುತ್ತಿದ್ದರು. ಅದಕ್ಕೆ ಹೆಸರಿಲ್ಲ, ಬೋರ್ಡಿಲ್ಲ. ಹನ್ನೆರಡು ವರ್ಷ ಒಂದೇ ಬಡಾವಣೆಯಲ್ಲಿದ್ದರೂ ಅಂಥದ್ದೊಂದು ಇದೆ ಎಂದು ನನಗೆ ಗೊತ್ತಿರಲಿಲ್ಲ. ಪುಸ್ತಕದ ಹುಳು ಎಂದು ನನ್ನನ್ನು ನಾನೇ ಕರೆದುಕೊಂಡು ತಿರುಗುತ್ತಿದ್ದವನು ನಾನು.

ನನ್ನ ಪುಸ್ತಕಗಳ ಕಥೆಯನ್ನೂ ಹೇಳಿಬಿಡುತ್ತೇನೆ. ನಾನು ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಸ್ಟೋರ್ ಕೀಪರ್ ಆಗಿದ್ದು ನಿವೃತ್ತನಾದವನು. ಸ್ಟೋರ್ ಕೀಪರಿಗೆ ವಸ್ತು ಬಂದರೆ ಸಂತೋಷ, ಹೋದರೆ ಸಂಕಟ. ಪುಸ್ತಕವನ್ನೂ ನಾನು ಅದೇ ಬುದ್ಧಿಯಿಂದ ಕೂಡಿಹಾಕಿದ್ದೆ. ಎರಡು ಗೋಡೆ ತುಂಬಿ, ಮಂಚದ ಕೆಳಗೆ ಹೊಕ್ಕು, ಕೊನೆಗೆ ದೇವರ ಮನೆಯ ಬಾಗಿಲಿಗೂ ಬಂದು ನಿಂತಿದ್ದವು. ಬಂದವರೆಲ್ಲ 'ಇಷ್ಟೆಲ್ಲಾ ಓದಿದ್ದೀರಾ ಸಾರ್?' ಎಂದು ಕೇಳುತ್ತಿದ್ದರು. ನಾನು ಹೌದೆನ್ನದೆ ಇಲ್ಲವೆನ್ನದೆ ನಗುತ್ತಿದ್ದೆ. ಆ ನಗುವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿಕೊಂಡಿದ್ದೆ.

ಮೂರು ವರ್ಷದ ಹಿಂದೆ ಮನೆಯ ಓನರ್ ಬಂದು, ಕಟ್ಟಡ ಕೆಡವಿ ಪಿ.ಜಿ. ಕಟ್ಟಿಸುತ್ತೇನೆ, ದಸರಾ ಹೊತ್ತಿಗೆ ಖಾಲಿ ಮಾಡಿ ಎಂದರು. ನಾವು ಹುಡುಕಿಕೊಂಡ ಹೊಸ ಮನೆ ಹಳೆಯದರ ಅರ್ಧವೂ ಇರಲಿಲ್ಲ. 'ಪುಸ್ತಕ ಬಂದ್ರೆ ನಾನು ಬರಲ್ಲ' ಎಂದು ನನ್ನಾಕೆ ಹೇಳಿಯಾಗಿತ್ತು. ಸರಿ, ದಾನ ಮಾಡೋಣ ಎಂದುಕೊಂಡೆ. ದಾನ ಎನ್ನುವ ಪದ ಬಾಯಿಗೆ ಬಂದ ಕೂಡಲೇ ನನಗೆ ಎರಡು ಕೋಡು ಮೂಡಿದವು. ಪುಸ್ತಕಗಳನ್ನು ಚದುರಿಸಬಾರದು, ಒಂದೇ ಕಪಾಟಿನಲ್ಲಿಡಬೇಕು, ಮೇಲೆ ನನ್ನ ಹೆಸರಿನ ಫಲಕ ಇರಬೇಕು, ಇದು ನನ್ನ ಷರತ್ತು.

ಸರ್ಕಾರಿ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ನನ್ನ ಪಟ್ಟಿಯನ್ನು ಪೂರ್ತಿ ಓದಿ, 'ಇದ್ರಲ್ಲಿ ಐದನೇ ಕ್ಲಾಸ್ ಮಗು ಓದೋದು ಯಾವ್ದಿದೆ ತೋರಿಸಿ ಸಾರ್' ಎಂದರು. ತೋರಿಸಲು ಆಗಲಿಲ್ಲ. ಅವರು ಒಂದು ಕೊಠಡಿಯ ಬೀಗ ತೆಗೆದರು. ಮಹದೇವಪುರದ ಯಾವುದೋ ಅಪಾರ್ಟ್‌ಮೆಂಟಿನವರು ಕಾರಿನಲ್ಲಿ ತಂದು ಇಳಿಸಿಹೋದ ಡಬ್ಬಗಳು ಅಲ್ಲಿದ್ದವು. ಹಳೇ ಕಂಪ್ಯೂಟರ್ ಮ್ಯಾನುಯಲ್ಲುಗಳು, ಮೂಲೆ ಗೆದ್ದಲು ತಿಂದ ನಿಯತಕಾಲಿಕೆಗಳು, ಯಾರದೋ ಮದುವೆಯ ಆಲ್ಬಮ್ಮು ಕೂಡ. 'ಕೊಟ್ಟೋರು ಫೋಟೋ ತಗೊಂಡು ಹೋದ್ರು. ಇದನ್ನ ಹೊರಗೆ ಹಾಕ್ಸೋದು ನನ್ನ ತಲೇಗೆ ಬಂತು' ಎಂದರು. ನಾನು ಪಟ್ಟಿ ಮಡಚಿ ಜೇಬಿಗೆ ಹಾಕಿಕೊಂಡೆ. ಆಮೇಲೆ ನಮ್ಮ ಬೀದಿಯ ಟೈಲರ್ ಅಂಗಡಿಯವನು ಮಂಜವ್ವನ ಹೆಸರು ಹೇಳಿದ.

ಮೊದಲ ಕಂತಿನಲ್ಲಿ ಇಪ್ಪತ್ತು ಪುಸ್ತಕ ಹೊತ್ತುಕೊಂಡು ಹೋದೆ. ಮಂಜವ್ವ ನೆಲದ ಮೇಲೆ ಬಿಳಿಯ ಬಟ್ಟೆ ಹಾಸಿ, ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತಳು. ಒಂದೊಂದು ಪುಸ್ತಕವನ್ನೂ ಬೆನ್ನು ಹಿಡಿದು ತಲೆಕೆಳಗು ಮಾಡಿ ಕೊಡವಿದಳು. ಬಸ್ ಟಿಕೆಟ್ಟು, ಒಣಗಿದ ತುಳಸಿ, ನಾನು ಕಳೆದುಹೋಯಿತೆಂದು ಮನೆಯವರಿಗೆಲ್ಲ ಬೈದಿದ್ದ ಒಂದು ರಸೀತಿ, ಎಲ್ಲ ಉದುರಿದವು. ಆಮೇಲೆ ಹೊದಿಕೆ ನೋಡದೆ ನೇರ ನಡುವಿನ ಪುಟ ತೆರೆದಳು.

'ಅಂಗಿ ಆದ್ರೂ ಅಷ್ಟೇರಿ ಸರ, ಒಳಮೈ ಮೊದ್ಲು ನೋಡಬೇಕು. ಹೊರಮೈ ಎಲ್ಲಾರೂ ಚಂದನೇ ಇಟ್ಟಿರ್ತಾರ' ಎಂದಳು.

ಪುಟ ಇಲ್ಲದಲ್ಲಿ ಒಂದು ಬಾಣ. ಅಕ್ಷರ ಮಾಸಿದಲ್ಲಿ ಒಂದು ಬಾಣ. ಪರೀಕ್ಷೆಯ ಗೈಡೊಂದರ ಮೇಲೆ ದೊಡ್ಡ ಬಾಣ. ಅದು ಹಳೇ ಸಿಲಬಸ್ಸಿನದು. 'ಇದನ್ನ ಕೊಟ್ರ ಯಾವಾಕಿಯೋ ಪಾಪ ನಿದ್ದಿಗೆಟ್ಟು ಓದಿ ನಪಾಸ ಆಗ್ತಾಳ್ರಿ. ಇದರಕಿಂತ ಪುಸ್ತಕ ಇಲ್ಲದಿದ್ರೇ ಚೊಲೊ' ಎಂದು ಬದಿಗಿಟ್ಟಳು. ಇಪ್ಪತ್ತರಲ್ಲಿ ಒಂಬತ್ತನ್ನು ನನಗೇ ವಾಪಸ್ ಕೊಟ್ಟಳು. ಮುವ್ವತ್ತು ವರ್ಷ ಬೇರೆಯವರ ಮಾಲನ್ನು ರಿಜೆಕ್ಟ್ ಮಾಡಿದವನಿಗೆ ತನ್ನದು ರಿಜೆಕ್ಟ್ ಆದಾಗ ಹೇಗಿರುತ್ತದೆಂದು ಅವತ್ತು ತಿಳಿಯಿತು. ಹೆಸರಿನ ಫಲಕದ ಮಾತನ್ನು ಎತ್ತಲೇ ಇಲ್ಲ.

ಉಳಿದ ಹನ್ನೊಂದಕ್ಕೂ ಅವಳು ಒಂದೇ ಪ್ರಶ್ನೆ ಕೇಳಿದಳು. 'ಇದನ್ನ ನೀವು ಓದೀರೇನ್ರಿ? ಯಾರಿಗೆ ಕೊಡಬೇಕಂತ ನನಗ ತಿಳೀಬೇಕಲ್ಲರಿ, ಅದಕ್ಕ ಕೇಳ್ತೀನಿ.'

ನಾನು ಎಲ್ಲದಕ್ಕೂ ಓದಿದ್ದೇನೆ ಎಂದೆ. ಕೊನೆಯದಕ್ಕೆ ಮಾತ್ರ, ಕೇಳುವ ಮೊದಲೇ, 'ಮೂರು ಸಲ ಓದಿದ್ದೀನಿ' ಎಂದುಬಿಟ್ಟೆ.

ಆ ಕೊನೆಯದು ಆರುನೂರು ಪುಟ ಮೀರಿದ ಒಂದು ಹಳೇ ಕಾದಂಬರಿ. ನಾನು ಐ.ಟಿ.ಐ. ಓದುವಾಗ ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನವಾಗಿ ಬಂದದ್ದು. ಅದರ ನಿಜವಾದ ಕಥೆಯನ್ನು ನಾನು ಯಾರಿಗೂ ಹೇಳಿಲ್ಲ. ಜೊತೆಯಲ್ಲಿ ಇಷ್ಟು ದೂರ ಬಂದಿದ್ದೀರಿ, ನಿಮಗೆ ಹೇಳುತ್ತೇನೆ.

ಆಗ ನಾನು ಪಟ್ಟಂದೂರು ಅಗ್ರಹಾರದಲ್ಲಿ ಅಕ್ಕನ ಗಂಡನ ಮನೆಯಲ್ಲಿದ್ದೆ. ಈಗ ಗಾಜಿನ ಕಟ್ಟಡಗಳಿರುವ ಕಡೆ ಆಗ ರಾಗಿ ಹೊಲ. ನನ್ನ ಅಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದಳು. ನಾನು ಎದುರಿಗೆ ಕೂತು ಆ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಅದರಲ್ಲಿ ನೀಲವ್ವ ಎಂಬ ಹೆಂಗಸು. ಗಂಡ ಹೊಡೆಯುತ್ತಾನೆ, ಅತ್ತೆ ಅನ್ನಕ್ಕೆ ಬೀಗ ಹಾಕುತ್ತಾಳೆ. ನಮ್ಮ ಭಾವನೂ ಕುಡಿದು ಬಂದು ಅಕ್ಕನ ಮೇಲೆ ಕೈ ಮಾಡುತ್ತಿದ್ದ. ಅದು ನನಗೂ ಗೊತ್ತಿತ್ತು, ನನಗೆ ಗೊತ್ತೆಂದು ಅಕ್ಕನಿಗೂ ಗೊತ್ತಿತ್ತು. ನಾವಿಬ್ಬರೂ ನೀಲವ್ವನ ಬಗ್ಗೆ ಮಾತ್ರ ಮಾತಾಡುತ್ತಿದ್ದೆವು.

ಒಂದು ದಿನ ನೀಲವ್ವ ಸೀರೆಗಂಟು ಹಿಡಿದು ಹೊಸಿಲ ಮೇಲೆ ನಿಲ್ಲುವಲ್ಲಿಗೆ ಬಂದೆವು. ಹೋಗುತ್ತಾಳೋ ಇರುತ್ತಾಳೋ ತಿಳಿಯದು. ಮುಂದಿನ ಹಾಳೆಗಳು ಮೇಲಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡಿದ್ದವು, ಪ್ರೆಸ್ಸಿನಲ್ಲಿ ಕತ್ತರಿಸುವಾಗ ತಪ್ಪಿಹೋಗಿರಬೇಕು. ಬ್ಲೇಡು ತಂದು ಬಿಡಿಸಿ ನಾಳೆ ಓದುತ್ತೇನೆಂದೆ. ಮರುದಿನವೇ ಪೀಣ್ಯದಿಂದ ಅಪ್ರೆಂಟಿಸ್ ಕೆಲಸಕ್ಕೆ ಕರೆ ಬಂತು. ಪುಸ್ತಕವನ್ನು ಟ್ರಂಕಿಗೆ ಹಾಕಿಕೊಂಡು ಊರಿನ ಈ ತುದಿಗೆ ಬಂದುಬಿಟ್ಟೆ. ಗೌರಿ ಹಬ್ಬಕ್ಕೆ ಹೋದಾಗ ಅಕ್ಕ, 'ಆ ನೀಲವ್ವ ಮನೆ ಬುಟ್ಟು ವೋದ್ಲೇನೋ?' ಎಂದು ಕೇಳಿದಳು. ಇನ್ನೂ ಓದಿಲ್ಲಕ್ಕ ಎಂದೆ. ದೀಪಾವಳಿಗೂ ಕೇಳಿದಳು. ಸಂಕ್ರಾಂತಿಗೆ ಮೂರನೇ ಸಲ ಕೇಳಿದಾಗ, ಇನ್ನೂ ಓದಿಲ್ಲ ಎನ್ನಲು ನಾಚಿಕೆಯಾಗಿ, 'ಇಲ್ಲಕ್ಕ, ಹೊಂದ್ಕೊಂಡು ಅಲ್ಲೇ ಇದ್ಲು. ಕೊನೇಗೆ ಎಲ್ಲಾ ಸರಿಹೋಯ್ತು' ಎಂದೆ. ಅಕ್ಕ 'ಅಂಗಾ' ಎಂದು ಎದ್ದು ಒಳಗೆ ಹೋದಳು. ಮತ್ತೆ ಯಾವತ್ತೂ ಕೇಳಲಿಲ್ಲ. ಭಾವ ಸಾಯುವವರೆಗೆ, ಇಪ್ಪತ್ತಾರು ವರ್ಷ, ಅದೇ ಮನೆಯಲ್ಲಿ ಅವನ ಜೊತೆಗಿದ್ದಳು.

ಯಾರೂ ಕಾದಂಬರಿ ಕೇಳಿಕೊಂಡು ಬಾಳು ನಿರ್ಧರಿಸುವುದಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆ ಪುಸ್ತಕವನ್ನು ಮಾತ್ರ ಮತ್ತೆ ತೆರೆಯಲಿಲ್ಲ.

ಒಂದು ತಿಂಗಳ ನಂತರ ಎರಡನೇ ಕಂತು ಹೊತ್ತು ಹೋದಾಗ, ನನ್ನ ಬಹುಮಾನದ ಪುಸ್ತಕ ಪುಸ್ತಕವಾಗಿ ಉಳಿದಿರಲಿಲ್ಲ. ಅದರ ಬಟ್ಟೆ ಹೊದಿಸಿದ ಕ್ಯಾಲಿಕೊ ರಟ್ಟು ಗೋಡೆಗೆ ಒರಗಿತ್ತು. ಒಳಗಿನ ಹೂರಣವೆಲ್ಲ ತೆಳ್ಳನೆಯ ಪುಸ್ತಿಕೆಗಳಾಗಿ ಹರಡಿತ್ತು. ನನ್ನ ಮೈ ಉರಿದುಹೋಯಿತು.

'ಹರಿದು ಹಾಕ್ಬಿಟ್ಟಿದ್ದೀರಲ್ಲಮ್ಮ. ಪುಸ್ತಕಕ್ಕೆ ಹೀಗೆ ಮಾಡ್ತಾರಾ ಯಾರಾದ್ರೂ?' ಎಂದೆ. ದನಿ ಏರಿತ್ತು.

'ಹರಿದಿಲ್ರಿ ಸರ, ಬಿಚ್ಚೀವಿ' ಎಂದಳು ಮಂಜವ್ವ, ಸ್ವಲ್ಪವೂ ವಿಚಲಿತಳಾಗದೆ. 'ಕುಂದರ್ರಿ, ತೋರಸ್ತೀನಿ.'

ಕೈಗೆ ಒಂದು ಪುಸ್ತಿಕೆ ಕೊಟ್ಟಳು. ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಬೈಂಡಿಂಗಿನ ದಾರವನ್ನು ಒಂದೊಂದೇ ಎಳೆ ಬಿಡಿಸಿದ್ದರು. ಒಂದು ಹಾಳೆಯ ಅಂಚೂ ಹರಿದಿರಲಿಲ್ಲ. ಹದಿನಾರು ಪುಟಗಳ ಮೂರು ಮೂರು ಫಾರಂ ಕೂಡಿಸಿ, ನಡುವೆ ಹೊಲಿಗೆ ಹಾಕಿ, ಮಿಕ್ಕ ಅಂಗಿಬಟ್ಟೆಯ ಹೊದಿಕೆ ತೊಡಿಸಿದ್ದರು. ಹೊದಿಕೆಯ ಮೇಲೆ ದಾರದಲ್ಲಿ ಹೊಲಿದ ಅಂಕಿ: ಒಂದು, ಎರಡು, ಹೀಗೆ ಹದಿಮೂರರವರೆಗೆ. ಕಾರ್ಖಾನೆಯಲ್ಲಿ ಕತ್ತರಿಸಿದ ಬಟ್ಟೆಯನ್ನು ಕಟ್ಟು ಕಟ್ಟಿ ನಂಬರು ಹಾಕಿ ಸಾಲು ಮೆಷಿನ್ನುಗಳ ಲೈನಿಗೆ ಬಿಡುತ್ತಾರಲ್ಲ, ಹಾಗೆ ಇವರು ಕಾದಂಬರಿಯನ್ನು ಲೈನಿಗೆ ಬಿಟ್ಟಿದ್ದರು. ಮೊದಲನೆಯವಳು ಒಂದನೇ ಕಟ್ಟು ಓದಿ ಎರಡನೆಯವಳಿಗೆ ದಾಟಿಸಿ ತಾನು ಎರಡನೇ ಕಟ್ಟು ಹಿಡಿಯುತ್ತಾಳೆ. ಹನ್ನೆರಡು ಹೆಂಗಸರು, ಒಂದೇ ಪುಸ್ತಕ, ಎಲ್ಲರೂ ಏಕಕಾಲಕ್ಕೆ ಓದುತ್ತಿದ್ದಾರೆ.

'ಇಡೀ ಪುಸ್ತಕ ಒಬ್ಬಾಕಿ ಒಯ್ದ್ರ ಎರಡ ತಿಂಗಳಾ. ಹನ್ನೆರಡ ಮಂದಿಗೆ ಎರಡ ವರ್ಷ ಬೇಕ್ರಿ. ಅಷ್ಟರಾಗ ಅರ್ಧಾ ಮಂದಿ ಕೆಲಸ ಬಿಟ್ಟಿರ್ತಾರ' ಎಂದಳು. 'ಮತ್ತ ಇಷ್ಟು ದಪ್ಪಂದು ಗೇಟಿನ ಒಳಗ ಒಯ್ಯಾಕ ಬಿಡಂಗಿಲ್ಲ. ಇದಾದ್ರ ಬುತ್ತಿ ಚೀಲದಾಗ ಕುಂದರತೈತಿ. ಎಲ್ಲಾರ್ದೂ ಮುಗದ ಮ್ಯಾಲೆ ಮೊದ್ಲಿನಂಗ ಹೊಲ್ಯೂದು.'

ನಾನು ಆ ಪುಸ್ತಿಕೆಯ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿದೆ. ಒಂದೇ ಅಳತೆಯ ಹೊಲಿಗೆ, ಒಂದು ಎಳೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಸುಮಾರು ನಲವತ್ತು ವರ್ಷ ನಾನು ಆ ಪುಸ್ತಕವನ್ನು ಧೂಳೊರೆಸಿ ಜೋಪಾನ ಮಾಡಿದ್ದೆ, ಒಬ್ಬರೂ ಓದಿರಲಿಲ್ಲ. ಇವರು ಬಿಚ್ಚಿ ಹಾಕಿದ್ದರು, ಪೀಣ್ಯದ ಒಂದು ಶೆಡ್ಡಿನಲ್ಲಿ ಊಟದ ಗಂಟೆಗೆ ಹನ್ನೆರಡು ಜನ ನೀಲವ್ವನ ಜೊತೆ ಬದುಕುತ್ತಿದ್ದರು. ನನಗೆ ಬೆರಗಾಯಿತು. ಬೈಯಲು ಬಂದವನು ಬಾಯಿ ಮುಚ್ಚಿಕೊಂಡು ಚಹಾ ಕುಡಿದು ಬಂದೆ.

ಅದಾದ ಎರಡು ವಾರಕ್ಕೆ ಮಂಜವ್ವನೇ ಮನೆ ಬಾಗಿಲಿಗೆ ಬಂದಳು. 'ಲೈನ್ ನಿಂತೈತ್ರಿ ಸರ, ಒಂದೀಟು ಬರ್ರಿ' ಎಂದಳು.

ಹೋದೆ. ಕೋಣೆಯ ತುಂಬ ಹೆಂಗಸರು. ಆದದ್ದು ಇಷ್ಟು. ಲೈನಿನಲ್ಲಿ ಎಲ್ಲರಿಗಿಂತ ಮುಂದೆ ಓದುತ್ತಿದ್ದವಳು ರೇಣುಕಾ ಎಂಬ ಹುಡುಗಿ, ತುಂಬು ಬಸುರಿ. ಹೆರಿಗೆಗೆಂದು ಸಿಂದಗಿ ಹತ್ತಿರದ ತವರಿಗೆ ಹೋಗುವಾಗ, ಓದುತ್ತಿದ್ದ ಕಟ್ಟು ಚೀಲದಲ್ಲೇ ಹೋಗಿಬಿಟ್ಟಿದೆ. ಒಂಬತ್ತನೇ ಕಟ್ಟು. ಎಂಟನೆಯದನ್ನು ಮುಗಿಸಿದವರೆಲ್ಲ ನೀಲವ್ವನನ್ನು ಹೊಸಿಲ ಮೇಲೆ ನಿಲ್ಲಿಸಿಕೊಂಡು ಕೂತಿದ್ದಾರೆ. ಒಂಬತ್ತು ಬಿಟ್ಟು ಹತ್ತಕ್ಕೆ ಹಾರುವಂತಿಲ್ಲ, ಅದು ಲೈನಿನ ಕಟ್ಟಳೆ.

'ಸರ ಮೂರ ಸಲ ಓದ್ಯಾರ. ಅವರೇ ಹೇಳ್ಲಿ' ಎಂದಳು ಒಬ್ಬಳು.

ಹನ್ನೊಂದು ಮುಖ ನನ್ನ ಕಡೆ ತಿರುಗಿದವು. ಓದಿಲ್ಲ ಎನ್ನಬಹುದಿತ್ತು. ನನ್ನ ಬಾಯಿಂದ ಬಂದದ್ದು ಅದೇ ಹಳೇ ಮಾತು. 'ಹೊಂದ್ಕೊಂಡು ಅಲ್ಲೇ ಇರ್ತಾಳೆ. ಕೊನೇಗೆ ಎಲ್ಲಾ ಸರಿಹೋಗುತ್ತೆ.'

 ಮೂಲೆಯಲ್ಲಿದ್ದ ವಯಸ್ಸಾದ ಹೆಂಗಸೊಬ್ಬಳು, 'ಇಲ್ಲ ಬಿಡ್ರಿ. ನೀಲವ್ವ ಹಂಗ ಮಾಡಾಕಿ ಅಲ್ಲ' ಎಂದಳು. ಹೊರಡುವಾಗ ಮಂಜವ್ವ ಬಾಗಿಲವರೆಗೆ ಬಂದು, ಉಳಿದವರಿಗೆ ಕೇಳದ ಹಾಗೆ ಹೇಳಿದಳು: 'ಒಂಬತ್ತನೇದರ ಹಾಳಿ ಕೂಡಿಕೊಂಡಿದ್ವುರಿ ಸರ. ನಾವೇ ಕತ್ರಿ ಹಾಕಿ ಬಿಡಿಸೀವಿ.' ಅಷ್ಟೇ. ಅವಳ ದನಿಯಲ್ಲಿ ಕುಹಕವಿರಲಿಲ್ಲ. ತಪ್ಪಿದ್ದ ಜಾಗಕ್ಕೆ ಬಾಣ ಅಂಟಿಸುವುದು ಅವಳ ಕೆಲಸ, ಅಂಟಿಸಿದಳು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. 'ಓದಿಲ್ಲಮ್ಮ' ಎಂದೆ. 'ಗೊತ್ತೈತ್ರಿ. ಮುಂದಿನ ಐತವಾರ ಬರ್ರಿ, ಕೇಳೂಣಂತ' ಎಂದಳು.

ಅಷ್ಟರಲ್ಲಿ ರೇಣುಕಾಗೆ ಹೆರಿಗೆಯಾಗಿತ್ತು. ಬಾಣಂತಿ, ಮನೆ ಬಿಟ್ಟು ಅಂಚೆಗೆ ಹೋಗುವಂತಿಲ್ಲ. ಅವಳದು ಗುಂಡಿ ಒತ್ತುವ ಸಾದಾ ಫೋನು, ಪುಟದ ಫೋಟೋ ತೆಗೆಯಲೂ ಆಗದು. ಏನಾಯಿತೆಂದು ಬಾಯಲ್ಲಿ ಹೇಳಿಬಿಡು ಎಂದು ಕೆಲವರು ಒತ್ತಾಯಿಸಿದರಂತೆ. ಮಂಜವ್ವ ಒಪ್ಪಲಿಲ್ಲ. ತುಂಡು ಮಾತು ಬೇಡ, ಪುಸ್ತಕದಲ್ಲಿದ್ದಂತೆ ಫೋನಿನಲ್ಲಿ ಓದಲಿ ಎಂದಳು.

ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಂಜವ್ವ ತನ್ನ ಫೋನಿನ ಸ್ಪೀಕರ್ ಹಾಕಿ, ಅದನ್ನೊಂದು ಸ್ಟೀಲಿನ ಬೋಗುಣಿಯೊಳಗೆ ನಿಲ್ಲಿಸಿದಳು. ಬೋಗುಣಿ ದನಿಯನ್ನು ಹಿಗ್ಗಿಸಿ ಕೋಣೆಗೆಲ್ಲ ಹಂಚಿತು. ಹನ್ನೊಂದು ಹೆಂಗಸರು, ಬಾಗಿಲ ಬಳಿ ನಾನು. ರೇಣುಕಾ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಒತ್ತಕ್ಷರ ಬಂದಲ್ಲಿ ತಡವರಿಸಿ, ಹಿಂದೆ ಹೋಗಿ, ಸರಿಮಾಡಿಕೊಂಡು ಓದುತ್ತಿದ್ದಳು. ನಡುವೆ ಕೂಸು ಅತ್ತಿತು. 'ತಡೀರಿ, ಹಾಲು ಕುಡಿಸ್ತೀನಿ' ಎಂದಳು. ಫೋನ್ ಕಟ್ ಮಾಡಲಿಲ್ಲ. ಐನೂರು ಕಿಲೋಮೀಟರ್ ಆಚೆ ಒಂದು ಮಗು ಚಪ್ಪರಿಸುವುದನ್ನು ನಾವು ಹನ್ನೆರಡು ಜನ ಉಸಿರು ಬಿಗಿಹಿಡಿದು ಕೇಳುತ್ತಾ ಕಾದೆವು. ನಾನು ಎಷ್ಟೋ ಉಪನ್ಯಾಸಗಳಿಗೆ ಹೋಗಿದ್ದೇನೆ, ಮುಂದಿನ ಸಾಲಿನಲ್ಲಿ ಕೂತಿದ್ದೇನೆ. ಅಕ್ಷರಕ್ಕಾಗಿ ಮನುಷ್ಯರು ಹಾಗೆ ಕಾಯುವುದನ್ನು ಮತ್ತೆಲ್ಲೂ ನೋಡಿಲ್ಲ.

ನೀಲವ್ವ ಗಂಟು ಕೆಳಗಿಟ್ಟಳು. ಅಲ್ಲಿಗೆ ನನ್ನ ಎದೆ ಹಗುರಾಯಿತು, ನಾನು ಹೇಳಿದ್ದೇ ನಿಜವಾಗುತ್ತದೆ ಎಂದುಕೊಂಡೆ. ಆದರೆ ಅವಳು ಬಡಗಿಯನ್ನು ಕರೆಸಿದಳು. ಆ ಮನೆಯ ತಲೆಬಾಗಿಲು ಅವಳ ಅಪ್ಪ ತನ್ನ ಹಿತ್ತಿಲ ಹಲಸಿನ ಮರ ಕಡಿಸಿ ಮದುವೆಯಲ್ಲಿ ಮಾಡಿಸಿಕೊಟ್ಟದ್ದು. ಒಡವೆ ಬೇಡ, ಪಾತ್ರೆ ಬೇಡ, ನನ್ನ ಬಾಗಿಲು ನನಗೆ ಕೊಡಿ ಎಂದಳು. ಬಡಗಿ ಕದಗಳ ತಿರುಗುಣಿ ಬಿಡಿಸಿದ. ಗಂಡಸರು ಯಾರೂ ಕೈ ಹಚ್ಚದಿದ್ದಾಗ ಅವಳೇ ಎರಡು ಕದವನ್ನೂ ಎತ್ತಿ ಗಾಡಿಗೆ ಹೇರಿ, ಅದರ ಮೇಲೆ ಕೂತು ಊರ ನಡುವಿನಿಂದಲೇ ಹೋದಳು. ಮುಚ್ಚಲು ಬಾಗಿಲಿಲ್ಲದ ಮನೆಯಲ್ಲಿ ಅತ್ತೆ ನಿಂತಿದ್ದಳು, ಬೀದಿಯೆಲ್ಲ ಒಳಗೆ ನೋಡುತ್ತಿತ್ತು.

'ಬಾಗಲಾನೇ ಒಯ್ದಳಲ್ಲಬೇ' ಎಂದಳು ಮೂಲೆಯ ಹೆಂಗಸು. ಕೋಣೆಯಲ್ಲಿ ನಗು ಎದ್ದಿತು. ನಗುತ್ತಲೇ ಇಬ್ಬರು ಮೂವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ನಗಲಿಲ್ಲ. ಇದು ನನ್ನ ಟ್ರಂಕಿನಲ್ಲಿತ್ತು. ಒಂದು ಬ್ಲೇಡಿನ ಕೆಲಸ ಅಷ್ಟೇ, ಅಕ್ಕ ಮೂರು ಸಲ ಕೇಳಿದ್ದಳು.

ಉಳಿದ ಪುಸ್ತಕಗಳು ಮಂಜವ್ವನ ಕೋಣೆಗೆ ಸರಾಗವಾಗಿ ಹೋದವೆಂದು ಹೇಳಲಾರೆ. ಓದಿದವು ಹೋದವು. ಓದದವನ್ನು ಹೊಸ ಮನೆಗೆ ತಂದು, ನನ್ನಾಕೆಯ ಬೈಗುಳದ ನಡುವೆ, ಒಂದೊಂದಾಗಿ ಓದಿ ಕೊಡುತ್ತಿದ್ದೇನೆ. ಮಂಜವ್ವ ಕೇಳುವ ಪ್ರಶ್ನೆಗೆ ಈಗ ಹೌದು ಎಂದರೆ ಹೌದು. ಕಾದಂಬರಿಯನ್ನು ಅವರು ಮತ್ತೆ ಒಂದಾಗಿ ಹೊಲಿದು, ಬೇರೊಂದು ಕಾರ್ಖಾನೆಯ ಹೆಂಗಸರಿಗೆ ದಾಟಿಸಿದ್ದಾರೆ. ಒಂದು ಕೆಲಸ ಮಾತ್ರ ನಾನು ಮಾಡಿರಲಿಲ್ಲ. ಮೂರು ವರ್ಷದಲ್ಲಿ ಎಷ್ಟೋ ಸಲ ಅಕ್ಕನ ಮನೆಗೆ ಹೋಗಿ ಬಂದಿದ್ದೆ, ಊಟ ಮಾಡಿ ಬಂದಿದ್ದೆ, ಹೇಳದೆ ಬಂದಿದ್ದೆ.

ಅಂಗಿಯ ಪ್ಯಾಕೆಟ್ಟು ಬಿಚ್ಚಿದ ಮರುದಿನ, ಭಾನುವಾರ, ಎರಡು ಬಸ್ಸು ಬದಲಿಸಿ ಪಟ್ಟಂದೂರು ಅಗ್ರಹಾರಕ್ಕೆ ಹೋದೆ. ಅಕ್ಕನಿಗೀಗ ಎಪ್ಪತ್ತು ದಾಟಿದೆ. ಮೇಲಿನ ಮೂರು ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಕೆಳಗಿರುತ್ತಾಳೆ. ಜಗಲಿಯ ಮೇಲೆ ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಎದುರಿಗೆ ಕೂತು, ನೀಲವ್ವ ನೆನಪಿದಾಳಾ ಎಂದೆ. ನೆನಪಿದ್ದಳು. ಹೊಸಿಲಿನಿಂದ ಹಿಡಿದು ಗಾಡಿಯವರೆಗೆ ಎಲ್ಲ ಹೇಳಿದೆ.

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. 'ಮತ್ತೆ ಅವತ್ತು ಯಾಕೋ ಅಂಗೆ ಯೋಳ್ದೆ?'

'ಓದಿರಲಿಲ್ಲಕ್ಕ. ನಾಚಿಕೆಯಾಗಿ ಸುಳ್ಳು ಹೇಳ್ದೆ. ತಪ್ಪಾಯ್ತು.'

ಅವಳು ಬೈಯಲಿಲ್ಲ. ನನ್ನನ್ನು ನೋಡಲೂ ಇಲ್ಲ. ಬೀದಿಯಲ್ಲಿ ಐಡಿ ಕಾರ್ಡು ತೂಗುಹಾಕಿಕೊಂಡ ಇಬ್ಬರು ಹುಡುಗಿಯರು ಮಾತಾಡಿಕೊಂಡು ಹೋದರು, ಅವರು ತಿರುವು ದಾಟುವವರೆಗೂ ನೋಡುತ್ತಿದ್ದಳು.

'ಆ ಬಾಗ್ಲು ಎಷ್ಟು ಭಾರ ಇತ್ತಂತೆ?' ಎಂದು ಕೇಳಿದಳು.

'ಪುಸ್ತಕದಲ್ಲಿ ಬರೆದಿಲ್ಲಕ್ಕ. ಹಲಸಿನ ಮರದ್ದು, ಜೋಡಿ ಕದ.'

ಅಕ್ಕ ಸೊಪ್ಪನ್ನು ಪಕ್ಕಕ್ಕೆ ಸರಿಸಿ, ಎರಡು ಕೈಯನ್ನೂ ಮಡಿಲಲ್ಲಿ ಅಂಗಾತ ಚಾಚಿ ಸ್ವಲ್ಪ ಹೊತ್ತು ನೋಡಿಕೊಂಡಳು.

'ಆ ವಯಸ್ಸಲ್ಲಿ ನಾನೂ ಎತ್ಬುಡ್ತಿದ್ದೆ ಕಣೋ' ಎಂದಳು.